ಸೋಮವಾರದ ಸಕ್ಕರೆ

ಗುರುಸಿದ್ದಯ್ಯನವರನ್ನು ಟೈಮೆಷ್ಟು ಅಂತ ಕೇಳುವ ತಪ್ಪನ್ನು ಮೈಸೂರಿನ ಕೆಸರೆಯಲ್ಲಿ ಯಾರೂ ಎರಡನೇ ಸಲ ಮಾಡುವುದಿಲ್ಲ. ಕೇಳಿದಿರೋ, ಆ ವಾಚು ಯಾವ ಅಂಗಡಿಯದು, ಅದಕ್ಕೆ ಸೆಲ್ ಹಾಕಿಸಿದ್ದು ಯಾವಾಗ, ಹಾಕಿದವನ ಭಾವಮೈದ ಎಲ್ಲಿ ಕೆಲಸಕ್ಕಿದ್ದಾನೆ, ಇಷ್ಟೂ ಆದಮೇಲೆ ಟೈಮು. ಅಷ್ಟರಲ್ಲಿ ಆ ಟೈಮು ಕಳೆದುಹೋಗಿರುತ್ತದೆ. ಮನುಷ್ಯ ಕೆಟ್ಟವರಲ್ಲ, ಸುಳ್ಳು ಹೇಳಿದವರಲ್ಲ. ನಿಜವನ್ನು ಪೂರ್ತಿ ಹೇಳುವ ಚಟ, ಅಷ್ಟೆ. ಚಟ ಯಾವುದಾದರೇನು, ಜೊತೆಗಿದ್ದವರ ಪ್ರಾಣ ಹಿಂಡುವುದು ಹಿಂಡಿಯೇ ಹಿಂಡುತ್ತದೆ.

ಅವರ ಹೆಂಡತಿ ಬೀರಮ್ಮ ಇದಕ್ಕೆ ತಮ್ಮದೇ ಮದ್ದು ಕಂಡುಕೊಂಡಿದ್ದರು. ಗಂಡನ ಯಾವ ಮಾತನ್ನೂ ಮುಗಿಯಗೊಡುತ್ತಿರಲಿಲ್ಲ. "ಇವತ್ತು ಬಸ್ಸಲ್ಲಿ ಏನಾಯ್ತು ಅಂದ್ರೆ" ಅಂತ ಅವರು ಚಪ್ಪಲಿ ಬಿಡುತ್ತಾ ಶುರುಮಾಡಿದರೆ, "ಗೊತ್ತು ಬುಡಿ, ಕೈಕಾಲು ತೊಳ್ಕೊಂಡು ಬನ್ನಿ" ಅನ್ನುವರು. ಬಸ್ಸಲ್ಲಿ ಏನಾಯಿತು ಅಂತ ಈ ಮೂವತ್ತು ವರ್ಷದಲ್ಲಿ ಅವರಿಗೆ ಒಂದು ದಿನವೂ ಗೊತ್ತಾಗಿಲ್ಲ. ಸಂಸಾರ ಮಾತ್ರ ಸುಖವಾಗಿ ನಡೆದುಕೊಂಡು ಬಂದಿತ್ತು.

ಗುರುಸಿದ್ದಯ್ಯನವರ ಕೆಲಸ ಸರಸ್ವತಿಪುರಂನಲ್ಲಿ. ಒಂದು ಟ್ಯುಟೋರಿಯಲ್ಲಿಗೂ ಒಂದು ಇಡ್ಲಿ ಹೋಟೆಲಿಗೂ ನಡುವೆ ಸಿಕ್ಕಿಕೊಂಡಿರುವ ಹಳೇ ಮನೆಯಲ್ಲಿ ಸಕ್ಕರೆ ಕಾಯಿಲೆಯ ಸಂಶೋಧನಾ ಕೇಂದ್ರವಿದೆ. ಅಲ್ಲಿ ಅವರು ಹಿರಿಯ ಲ್ಯಾಬ್ ಟೆಕ್ನೀಷಿಯನ್. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದವರ ರಕ್ತ ತೆಗೆಯುವುದು, ಅಳೆಯುವುದು. ಕೈ ಹಗುರ. ಸೂಜಿ ಹೋಗಿದ್ದೂ ಗೊತ್ತಾಗುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಎದುರಿಗಿದ್ದವರ ಗಮನವೆಲ್ಲ ಈ ಮಾತು ಯಾವಾಗ ಮುಗಿಯುತ್ತದೆ ಅನ್ನುವುದರ ಮೇಲಿರುತ್ತದೆ.

ಊರಿನವರ ಸಕ್ಕರೆಯೆಲ್ಲ ನೋಡಿದ ಈ ಮನುಷ್ಯ ತನ್ನದನ್ನು ಒಂದು ಸಲವೂ ನೋಡಿಕೊಂಡಿರಲಿಲ್ಲ. ಬೀರಮ್ಮ ಹೇಳಿ ಹೇಳಿ ಸಾಕಾಗಿದ್ದರು. "ಬಡಿಸೋನು ಪಂಕ್ತೀಲಿ ಕೂರ್ತಾನೇನೆ" ಅಂತ ಇವರು ನಗುವರು. ಗುರುಸಿದ್ದಯ್ಯನವರ ಅಪ್ಪನ ಬಲಗಾಲನ್ನು ಮಂಡಿಯವರೆಗೆ ತೆಗೆದಿದ್ದು ಇದೇ ಸಕ್ಕರೆಯ ದೆಸೆಯಿಂದ. ಬಸ್ ಕಂಡಕ್ಟರನ ಮದುವೆಯ ಊಟವನ್ನೂ ಬಿಡದೆ ಹೇಳುವ ಬಾಯಿ ಅದೊಂದು ಕಥೆಯನ್ನು ಯಾರಿಗೂ ಹೇಳುತ್ತಿರಲಿಲ್ಲ.

ಈಗ ಮಂಜುಶ್ರೀಯ ವಿಷಯಕ್ಕೆ ಬರೋಣ. ಅವಳು ಅದೇ ಕೇಂದ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಮೇಟಗಳ್ಳಿ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವವರನ್ನು ವರ್ಷಗಟ್ಟಲೆ ಕರೆಸಿ ರಕ್ತ ಕೊಡಿಸಿ, ಕೊನೆಗೆ ಒಂದು ಅದ್ಭುತ ಕಂಡುಹಿಡಿದಿದ್ದಳು. ಸೋಮವಾರ ಬಂದವರ ಸಕ್ಕರೆ ಬೇರೆ ದಿನ ಬಂದವರಿಗಿಂತ ಜಾಸ್ತಿ. ಪ್ರತಿ ಸೋಮವಾರವೂ ಜಾಸ್ತಿ. ಯಾಕೆ? ಭಾನುವಾರದ ಬಾಡೂಟ, ಅದರ ಮೇಲೆ ಸೋಮವಾರ ಕೆಲಸಕ್ಕೆ ಹೋಗಬೇಕಲ್ಲಪ್ಪಾ ಅನ್ನುವ ಸಂಕಟ, ಎರಡೂ ಸೇರಿ ಸಕ್ಕರೆ ಏರುತ್ತದೆ ಅಂತ ಅವಳ ಸಿದ್ಧಾಂತ. ಕೇಂದ್ರದ ನಿರ್ದೇಶಕ ಡಾಕ್ಟರ್ ಕುಮಾರಸ್ವಾಮಿ ಅದನ್ನು ಓದಿ ಕುಣಿದಾಡಿಬಿಟ್ಟರು. ಅವರ ಹೃದಯದ ಡಾಕ್ಟರು ಅವರಿಗೆ ಬಾಡು ಬಿಡಿಸಿ ಆಗಲೇ ಬಹಳ ದಿನವಾಗಿತ್ತು, ಮಿಕ್ಕವರೂ ಬಿಡಲಿ ಅಂತ ಇದ್ದಿರಬೇಕು.

ಲೇಖನ ಪರದೇಶದ ಪತ್ರಿಕೆಯೊಂದಕ್ಕೆ ಹೋಯಿತು. ಈ ವರ್ಷ ಅದು ಒಪ್ಪಿಗೆಯಾಗದಿದ್ದರೆ ಮಂಜುಶ್ರೀಯ ನೋಂದಣಿಯೇ ರದ್ದು. ವಿಶ್ವವಿದ್ಯಾನಿಲಯದವರು ಕೊಡುವಷ್ಟು ಗಡುವು ಕೊಟ್ಟಾಗಿತ್ತು. ಪತ್ರಿಕೆಯ ಪರೀಕ್ಷಕರಿಂದ ಉತ್ತರ ಬಂತು. ಫಲಿತಾಂಶ ಕುತೂಹಲಕರವಾಗಿದೆ, ಆದರೆ ವಿಧಾನ ಅಂತ ನೀವು ಬರೆದಿರುವುದು ಒಂದೇ ಸಾಲು: "ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತ ತೆಗೆದು ಸಕ್ಕರೆ ಅಳೆಯಲಾಯಿತು." ಯಾರು ತೆಗೆದರು, ಎಷ್ಟು ಹೊತ್ತಿಗೆ ತೆಗೆದರು, ಯಾವ ಕೊಳವೆಗೆ, ಅಳೆಯುವ ಮುಂಚೆ ಎಷ್ಟು ಹೊತ್ತು ಇಟ್ಟಿದ್ದರು? ನೀವು ಬರೆದಿದ್ದನ್ನು ಓದಿಕೊಂಡು ಇನ್ನೊಂದು ದೇಶದವರು ಹಾಗೇ ಮಾಡಿ ನೋಡುವಂತಿರಬೇಕು. ಎಲ್ಲವನ್ನೂ ವಿವರವಾಗಿ ಬರೆಯಿರಿ.

ಮಂಜುಶ್ರೀ ಅದನ್ನು ಗುರುಸಿದ್ದಯ್ಯನವರಿಗೆ ಕನ್ನಡದಲ್ಲಿ ಹೇಳಿದಳು. ಅವರು ಕೇಳುತ್ತಾ ಕೇಳುತ್ತಾ ಕುರ್ಚಿಯ ತುದಿಗೆ ಬಂದರು.

"ಎಲ್ಲಾನೂ ಬರೀಬೇಕಾ ಅಮ್ಮ?"

"ಎಲ್ಲಾನೂ ಸರ್. ಒಂದೂ ಬಿಡಬಾರದಂತೆ."

ಗುರುಸಿದ್ದಯ್ಯನವರ ಕಣ್ಣಲ್ಲಿ ನೀರು ಬಂತು. ಇಡೀ ಪ್ರಪಂಚದಲ್ಲಿ ಒಬ್ಬ ಮನುಷ್ಯ, ಹೆಸರು ಗೊತ್ತಿಲ್ಲ, ಮುಖ ನೋಡಿಲ್ಲ, ಅವರ ಮಾತನ್ನು ಪೂರ್ತಿ ಕೇಳುತ್ತೇನೆ ಅಂತ ತಾನಾಗಿ ಕಾಗದ ಬರೆದಿದ್ದ.

ಬರೆದರು ನೋಡಿ. ಒಂದು ವಾರ ಸಂಜೆಯೆಲ್ಲ ಬರೆದರು. ರಕ್ತ ಕೊಡುವವರು ಕೂರುವ ಕುರ್ಚಿ ಯಾವ ಛತ್ರದ ಹರಾಜಿನಿಂದ ಬಂತು, ತೋಳಿಗೆ ಕಟ್ಟುವ ಪಟ್ಟಿಯನ್ನು ಎಷ್ಟು ಬಿಗಿಯಬೇಕು, ಹೆದರುವವರನ್ನು ಏನು ಕೇಳಿ ಮಾತಿಗೆಳೆಯಬೇಕು, ಎಲ್ಲ ಇತ್ತು. ರಕ್ತದ ಕೊಳವೆಗಳನ್ನು ಗಿರಗಿರ ತಿರುಗಿಸಿ ಕೆಂಪನ್ನೂ ತಿಳಿಯನ್ನೂ ಬೇರೆ ಮಾಡುವ ಯಂತ್ರ ಒಳಗಿನ ಕೋಣೆಯಲ್ಲಿದೆ. ಅದು ತಿರುಗುವಾಗ ಮೇಜಿನ ಮೇಲೆ ನಡೆದಾಡುವುದರಿಂದ ಕೆಳಗೆ ಗೋಣಿಚೀಲ ಮಡಿಸಿ ಹಾಕಿದೆ, ದಿನಾ ಕುಂಕುಮವಿಟ್ಟು ಹೂ ಏರಿಸಿಯೇ ಶುರುಮಾಡುವುದು, ಆ ಕೋಣೆಯ ಬೀಗದ ಕೈ ಗುಮಾಸ್ತ ಲೋಕೇಶನ ಹತ್ತಿರ ಇರುತ್ತದೆ, ಅವನು ಬರುವುದು ಒಂಬತ್ತಕ್ಕೆ. ಇದನ್ನೆಲ್ಲ ಓದಿ ಹಾಗೇ ಮಾಡಬೇಕು ಅಂದರೆ ಆ ಪರದೇಶದವನು ಮೊದಲು ಒಬ್ಬ ಲೋಕೇಶನನ್ನು ಹುಡುಕಿಕೊಳ್ಳಬೇಕಾಗಿತ್ತು.

ಮಂಜುಶ್ರೀ ತಾಳ್ಮೆಯಿಂದ ಓದಿದಳು. ಲೋಕೇಶ ಬರುವುದು ಒಂಬತ್ತಕ್ಕೆ ಅನ್ನುವಲ್ಲಿ ಅವಳ ಬೆರಳು ನಿಂತಿತು. ರಕ್ತ ತೆಗೆಯುವುದು ಏಳೂವರೆಯಿಂದ. ಅಂದರೆ ಕೊಳವೆಗಳು ಒಂದೂವರೆ ಗಂಟೆಯವರೆಗೂ ಸುಮ್ಮನೆ ನಿಂತಿರುತ್ತವೆ. ಕೊಳವೆಯಲ್ಲಿ ನಿಂತ ರಕ್ತ ನಮ್ಮ ನಿಮ್ಮ ಹಾಗೆ, ಸುಮ್ಮನಿದ್ದರೂ ಅದಕ್ಕೆ ಹಸಿವಾಗುತ್ತದೆ. ತನ್ನಲ್ಲಿರುವ ಸಕ್ಕರೆಯನ್ನು ತಾನೇ ಸ್ವಲ್ಪ ಸ್ವಲ್ಪ ತಿನ್ನುತ್ತದೆ. ತಿರುಗಿಸಿ ಬೇರೆ ಮಾಡಿದ ಮೇಲೇ ಅದು ಬಾಯಿ ಮುಚ್ಚುವುದು. ಅಂದಮೇಲೆ ಕೇಂದ್ರದ ಲೆಕ್ಕಗಳೆಲ್ಲ ನಿಜಕ್ಕಿಂತ ಸ್ವಲ್ಪ ಕಡಿಮೆ ಬಂದಿರಬೇಕು. ಹೋಗಲಿ, ದಿನಾ ಒಂದೇ ಥರ ಕಾದಿದ್ದರೆ ಸೋಮವಾರದ ವಿಷಯಕ್ಕೇನೂ ಧಕ್ಕೆಯಿಲ್ಲ ಅಂತ ಸಮಾಧಾನ ಮಾಡಿಕೊಂಡಳು. ಆದರೂ ಒಂದು ಸಲ ಕಣ್ಣಾರೆ ನೋಡೋಣ ಅಂತ, ದಿನಾ ಹತ್ತಕ್ಕೆ ಬರುವವಳು ಮುಂದಿನ ಸೋಮವಾರ ಎಂಟಕ್ಕೇ ಬಂದಳು.

ಅಂಗಳದ ತುಂಬ ಜನ. ಎಲ್ಲರೂ ತೋಳು ಮಡಿಸಿಕೊಂಡು ಬೆಂಚುಗಳ ಮೇಲೆ ಕೂತಿದ್ದರು. ಸೂಜಿ, ಹತ್ತಿ, ಕೊಳವೆ ಎಲ್ಲ ಸಿದ್ಧ. ಗುರುಸಿದ್ದಯ್ಯನವರು ಪೇಪರ್ ಓದುತ್ತಿದ್ದರು.

"ಯಾಕ್ ಸರ್, ಇನ್ನೂ ಶುರು ಮಾಡಿಲ್ಲ?"

"ರಾಹುಕಾಲ ಕಣಮ್ಮ," ಅಂದರು ಅವರು ಪುಟ ತಿರುಗಿಸುತ್ತಾ. "ಸೋಮವಾರ ಏಳೂವರೆಯಿಂದ ಒಂಬತ್ತು. ಆಮೇಲೆ ಚಕಚಕ ಅಂತ ಮುಗಿಸ್ಬುಡ್ತೀನಿ. ತೆಗೆದಂಗೆ ತೆಗೆದಂಗೆ ಲೋಕೇಶ ತಿರುಗಿಸ್ತಾನೆ, ಕಾಯೋದೇ ಬೇಡ."

ಮಂಜುಶ್ರೀ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬೇರೆ ದಿನ ರಾಹುಕಾಲ ಬರುವಷ್ಟರಲ್ಲಿ ಇವರ ಕೆಲಸ ಮುಗಿದಿರುತ್ತದೆ, ಸೋಮವಾರ ಒಂದು ದಿನ ಮಾತ್ರ ಅದು ಬೆಳಿಗ್ಗೆಯೇ ಅಡ್ಡ ಬರುತ್ತದೆ. ಸೋಮವಾರದ ರಕ್ತ ಕಾದಿಲ್ಲ. ಕಾಯದ್ದರಿಂದ ತನ್ನ ಸಕ್ಕರೆಯನ್ನು ತಿಂದಿಲ್ಲ. ಅದಕ್ಕೇ ಜಾಸ್ತಿ. ಬಾಡೂಟದ್ದೂ ತಪ್ಪಿಲ್ಲ, ಕಾರ್ಖಾನೆಯದ್ದೂ ತಪ್ಪಿಲ್ಲ. ಅವಳ ವರ್ಷಗಳ ದುಡಿಮೆ ಬೆಂಚಿನ ಮೇಲೆ ತೋಳು ಮಡಿಸಿಕೊಂಡು ಕೂತು ಆಕಳಿಸುತ್ತಿತ್ತು.

"ಅಷ್ಟೊಂದು ಪುಟ ಬರೆದ್ರಲ್ಲ ಸರ್, ಇದನ್ನ ಯಾಕೆ ಬರೀಲಿಲ್ಲ?"

ಗುರುಸಿದ್ದಯ್ಯನವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇದನ್ನೇನಮ್ಮ ಬರೆಯೋದು? ಉಸಿರಾಡಿದ್ದೂ ಬರೀಲಿಲ್ಲ ನಾನು."

ಸರಿಯಾಗಿ ಒಂಬತ್ತಕ್ಕೆ ಡಾಕ್ಟರ್ ಕುಮಾರಸ್ವಾಮಿ ಒಳಗೆ ಬಂದರು. ಅವರ ಕಾರು ಎಂಟೂವರೆಯಿಂದ ಗೇಟಿನ ಹೊರಗೇ ನಿಂತಿತ್ತು. ವಿಷಯ ಕೇಳಿ ಅವರ ಮುಖ ಹುಳ್ಳಗಾಯಿತು. "ಆಡಳಿತಾತ್ಮಕ ಕಾರಣದಿಂದ ಸೋಮವಾರ ತಡವಾಯ್ತು ಅಂತ ಬರೀಮ್ಮ. ಪರದೇಶದ ಪತ್ರಿಕೇಲಿ ರಾಹುಕಾಲ ಅಂತ ಹಾಕಿದ್ರೆ ನಗಲ್ವಾ?"

"ಆಡಳಿತ ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತೆ ಅಂತ ಕೇಳ್ತಾರೆ ಸರ್," ಅಂದಳು ಮಂಜುಶ್ರೀ. ಅತ್ತು ಮುಗಿಸಿದವಳ ಧೈರ್ಯ ಅದು. ರಾಹುಕಾಲ ಅಂತಲೇ ಬರೆದು ಕಳಿಸಿದಳು.

ಪತ್ರಿಕೆಯವರು ನಗಲಿಲ್ಲ. ಅದೇ ಕಷ್ಟವಾಗಿದ್ದು. ಬಹಳ ಗಂಭೀರವಾಗಿ ತಿರುಗಿ ಕೇಳಿದರು. ರಾಹುಕಾಲವನ್ನು ನಿರ್ಧರಿಸಿದ್ದು ಯಾವ ಪಂಚಾಂಗದಿಂದ? ಮೈಸೂರಿನ ಸೂರ್ಯೋದಯಕ್ಕೆ ಅದನ್ನು ಹೊಂದಿಸಲಾಗಿತ್ತೇ? ಇಬ್ಬರು ಬೇರೆ ಬೇರೆ ಪಂಚಾಂಗ ನೋಡಿ ಹೇಳಿದರೆ ಇಬ್ಬರ ಲೆಕ್ಕವೂ ತಾಳೆಯಾಗುತ್ತದೆಯೇ? ಕೊನೆಗೆ ಮುಖ್ಯವಾದದ್ದು: ಸಕ್ಕರೆಯ ವ್ಯತ್ಯಾಸಕ್ಕೆ ಕೊಳವೆ ಕಾದದ್ದೇ ಕಾರಣ, ರಾಹುಕಾಲವಲ್ಲ ಅಂತ ಹೇಗೆ ಹೇಳುತ್ತೀರಿ? ಕೆಲವರ ರಕ್ತವನ್ನು ರಾಹುಕಾಲದಲ್ಲೇ ತೆಗೆದು, ಅರ್ಧವನ್ನು ಕೂಡಲೇ ತಿರುಗಿಸಿ, ಅರ್ಧವನ್ನು ಒಂದೂವರೆ ಗಂಟೆ ಕಾಯಲು ಬಿಟ್ಟು ಅಳೆದು ತೋರಿಸಿ. ತಿಂಗಳ ಕೊನೆಯೊಳಗೆ ತೋರಿಸಿದರೆ ಲೇಖನವನ್ನು ಪರೀಕ್ಷಾ ವಿಧಾನದ ಅಧ್ಯಯನವೆಂದು ಒಪ್ಪಿಕೊಳ್ಳುತ್ತೇವೆ.

ಮನುಷ್ಯರ ಮೇಲೆ ಹೊಸ ಪ್ರಯೋಗ ಅಂದರೆ ಕೇಂದ್ರದ ನೈತಿಕ ಸಮಿತಿ ಒಪ್ಪಬೇಕು. ಸಮಿತಿ ಸೇರಿತು, ಒಳ್ಳೆಯ ಹೊತ್ತು ನೋಡಿಕೊಂಡೇ ಸೇರಿತು. ವಿಷವಸ್ತುಗಳ ಪ್ರಯೋಗಕ್ಕೂ ಅಷ್ಟು ಚರ್ಚೆಯಾಗಿರಲಿಕ್ಕಿಲ್ಲ. ರಾಹುಕಾಲದಲ್ಲಿ ಚುಚ್ಚಿಸಿಕೊಂಡವನು ಮನೆಗೆ ಹೋಗುವಾಗ ಸ್ಕೂಟರಿನಿಂದ ಬಿದ್ದರೆ ಯಾರು ಜವಾಬ್ದಾರಿ ಅಂತ ವಕೀಲರು ಕೇಳಿದರು. ವೈಜ್ಞಾನಿಕವಾಗಿ ಇದಕ್ಕೆಲ್ಲ ಅರ್ಥವಿಲ್ಲ ಅಂದ ನಿವೃತ್ತ ಪ್ರೊಫೆಸರರನ್ನು "ಹಾಗಾದ್ರೆ ಮೊದಲು ನೀವೇ ಕೊಡ್ತೀರಾ ಸರ್?" ಅಂತ ಮಂಜುಶ್ರೀ ಕೇಳಿದಳು. ಅವರಿಗೆ ಸೋಮವಾರ ಬೇರೆ ಕೆಲಸವಿತ್ತು. ಅಂತೂ ರಕ್ತ ಕೊಟ್ಟವರನ್ನು ರಾಹುಕಾಲ ಮುಗಿಯುವವರೆಗೆ ಕೇಂದ್ರದಲ್ಲೇ ಕೂರಿಸಿಕೊಂಡು ಆಮೇಲೆ ಕಳಿಸತಕ್ಕದ್ದು ಎಂಬ ಷರತ್ತಿನೊಂದಿಗೆ ಒಪ್ಪಿಗೆ ಸಿಕ್ಕಿತು.

ಉಳಿದಿದ್ದು ಎರಡೇ ಸೋಮವಾರ. ಮೊದಲನೆಯದರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಮೇಟಗಳ್ಳಿಯವರಿಗೆಲ್ಲ ಮುಂದಾಳು ಜವರಯ್ಯ. ಕಾರ್ಖಾನೆಯಲ್ಲಿ ಮೇಸ್ತ್ರಿ, ಅವನು ಕೂತರೆ ಎಲ್ಲರೂ ಕೂರುತ್ತಾರೆ, ಎದ್ದರೆ ಎಲ್ಲರೂ ಏಳುತ್ತಾರೆ. ಅವನು ಕೈ ಮುಗಿದು ಹೇಳಿದ, "ಬೇಕಾದ್ರೆ ಇನ್ನೊಂದು ಬಾಟ್ಲಿ ರಕ್ತ ತಗೊಳವ್ವ. ಒಂಬತ್ತು ಒಡೀಲಿ, ಅಷ್ಟೆ ನಾನು ಕೇಳಾದು."

ಅವತ್ತು ಎಲ್ಲರೂ ಹೋದಮೇಲೆ ಮಂಜುಶ್ರೀ ಮೆಟ್ಟಿಲ ಮೇಲೆ ಕೂತಿದ್ದಳು. ಗುರುಸಿದ್ದಯ್ಯನವರು ಅವಳ ಸುತ್ತ ಎರಡು ಸಲ ಓಡಾಡಿದರು. ತಮ್ಮ ಮೇಲೇ ಅವರಿಗೆ ಸಿಟ್ಟು ಬಂದಿತ್ತು. ಗೋಣಿಚೀಲ ಬರೆದರು, ಹೂ ಬರೆದರು, ಲೋಕೇಶನನ್ನು ಬರೆದರು. ಬರೆಯಬೇಕಾದ್ದನ್ನು ಬಿಟ್ಟು ಈ ಹುಡುಗಿಯ ಬಾಳು ಬೀದಿಗೆ ತಂದರು.

"ಮುಂದಿನ ಸೋಮವಾರ ಮೊದಲು ನಂದು ತಗೊಳ್ಳಮ್ಮ," ಅಂದರು. ಅಂದಮೇಲೆ ಅವರಿಗೇ ಹೆದರಿಕೆಯಾಯಿತು. ರಾಹುವಿನ ಹೆದರಿಕೆ ಅಲ್ಲ ಅದು.

ಆ ಸೋಮವಾರ ಬೀರಮ್ಮನೂ ಜೊತೆಗೆ ಬಂದರು. ಇಂಥ ಹೊತ್ತಿನಲ್ಲಿ ಗಂಡನನ್ನು ಒಬ್ಬರನ್ನೇ ಬಿಡುವ ಹೆಂಗಸಲ್ಲ ಅವರು. ಆಟೋದಿಂದ ಇಳಿದವರೇ ಕುರ್ಚಿಯ ಕೆಳಗೆ ಒಂದು ನಿಂಬೆಹಣ್ಣಿಟ್ಟು, ಗಂಡನ ಹಣೆಗೆ ವಿಭೂತಿ ಬಳಿದು, ಕಂಬಕ್ಕೆ ಒರಗಿ ನಿಂತರು. ಅಂಗಳದ ಜನವೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಬೀಗದ ಕೈ ಹಿಡಿದುಕೊಂಡು ಲೋಕೇಶ, ಹುಟ್ಟಿದ ಮೇಲೆ ಮೊದಲ ಸಲ ಎಂಟಕ್ಕೆ ಮುಂಚೆ ಹಾಜರಾಗಿದ್ದ.

ಸೂಜಿ ಹಿಡಿದವಳು ಮಂಜುಶ್ರೀ. ಚುಚ್ಚುವುದನ್ನು ಅವಳಿಗೆ ಕಲಿಸಿದ್ದೇ ಗುರುಸಿದ್ದಯ್ಯನವರು. ಪಟ್ಟಿ ಬಿಗಿದು, ನರ ಮುಟ್ಟಿ ನೋಡಿ, ಅವಳು ಒಂದು ಸಲ ಗಡಿಯಾರದ ಕಡೆ ನೋಡಿದಳು.

"ನಂಗೆ ಇದರಲ್ಲೆಲ್ಲ ನಂಬಿಕೆ ಇಲ್ಲ ಸರ್. ಆದ್ರೂ..."

"ನಂಗೈತೆ ಕಣಮ್ಮ. ಆದ್ರೂ ಚುಚ್ಚು."

ಎರಡು ಕೊಳವೆ ತುಂಬಿದವು. ಒಂದು ಒಳಗೆ ಹೋಗಿ ಕೂಡಲೇ ತಿರುಗಿತು, ಇನ್ನೊಂದು ಒಂದೂವರೆ ಗಂಟೆ ಕಾಯಲು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಲೋಕೇಶ ಬಾಗಿಲಿಗೆ ಬಂದು, ಗುಟ್ಟು ಅನ್ನುವ ಪದಾರ್ಥ ಇವನ ಕಡೆ ಸುಳಿದೇ ಇಲ್ಲವಲ್ಲ, ಕೂಗಿ ಹೇಳಿಬಿಟ್ಟ. "ಗುರುಸಿದ್ದಯ್ಯನೋರ್ದು ಬರಿಹೊಟ್ಟೇಲಿ ಇನ್ನೂರ ಹದಿನಾಲ್ಕು."

ಬರಿಹೊಟ್ಟೆಯಲ್ಲಿ ನೂರು ದಾಟಬಾರದು ಅಂತ ಅಲ್ಲಿದ್ದ ಎಲ್ಲರಿಗೂ ಬಾಯಿಪಾಠ. ಜವರಯ್ಯ ಎದ್ದು ನಿಂತ. "ನೋಡಿದ್ರಾ? ರಾಹು ಸುಮ್ನಿರ್ತಾನಾ. ಕಲ್ಲಿನಂಗಿದ್ದ ಮನ್ಸ," ಅಂತ ಚೀಲ ಹೆಗಲಿಗೇರಿಸಿದ. ಅವನ ಹಿಂದೆ ಇನ್ನೂ ಎಷ್ಟೋ ಚೀಲಗಳು ಹೆಗಲಿಗೇರಿದವು.

ಗುರುಸಿದ್ದಯ್ಯನವರು ಮಂಜುಶ್ರೀಯ ಕಡೆ ತಿರುಗಿದರು. ದನಿ ಚಿಕ್ಕದಾಗಿತ್ತು. "ಕೊಳವೆ ಹಳೇದೇನಮ್ಮ?"

ಗುರುಸಿದ್ದಯ್ಯನವರೇ ಬರೆದಿದ್ದ ಪುಟಗಳನ್ನು ಮಂಜುಶ್ರೀ ತೆಗೆದಳು. "ಹೊಸದು ಸರ್. ನೀವು ಹೇಳಿದಂಗೆ ತಾರೀಕು ನೋಡೇ ತೆಗೆದೆ."

"ಯಂತ್ರ ಸರಿಯಾಗಿ ತಿರುಗ್ತಾ? ಗೋಣಿಚೀಲ ಹಾಕಿದ್ನಾ?"

"ಹಾಕಿದ್ದ."

"ಅಳೆಯೋ ಮುಂಚೆ ಸಕ್ಕರೆ ಎಷ್ಟಿದೆ ಅಂತ ಗೊತ್ತಿರೋ ದ್ರಾವಣ ಹಾಕಿ ತಾಳೆ ನೋಡಿದ್ರಾ?"

"ಎರಡು ಸಲ ನೋಡಿದ್ವಿ. ವಿಧಾನದಲ್ಲಿ ಏನೂ ತಪ್ಪಿಲ್ಲ ಸರ್." ಅವಳಿಗೆ ಹೇಳುವುದಕ್ಕೇ ಸಂಕಟವಾಯಿತು.

ಸುಮ್ಮನಿದ್ದುಬಿಡಬಹುದಿತ್ತು ಅವರು. ರಾಹುವಿನ ತಲೆಗೆ ಕಟ್ಟಿದರೆ ಆತ ಬಂದು ಜಗಳವಾಡುತ್ತಿರಲಿಲ್ಲ. ಬೀರಮ್ಮನೂ ಅದನ್ನೇ ನಂಬಿ ಒಂದು ಶಾಂತಿ ಮಾಡಿಸಿ ಮುಗಿಸುತ್ತಿದ್ದರು. ಆದರೆ ಜನ ಗೇಟಿನ ಹತ್ತಿರ ಹೋಗಿಯಾಗಿತ್ತು, ಮಂಜುಶ್ರೀಯ ಮುಖದಲ್ಲಿ ರಕ್ತವಿರಲಿಲ್ಲ, ಇನ್ನೊಂದು ಸೋಮವಾರ ಅವಳಿಗಿರಲಿಲ್ಲ.

"ಜವರಯ್ಯ, ನಿಂತ್ಕೊ," ಅಂದರು ಗುರುಸಿದ್ದಯ್ಯನವರು. "ರಾಹು ಅಲ್ಲ ಕಣಪ್ಪ ಅದು. ನಾನು."

ಎದ್ದು ನಿಂತು ಹೇಳತೊಡಗಿದರು. ಎರಡು ವರ್ಷದಿಂದ ಅವರಿಗೆ ದಾಹ. ಈ ದೊಡ್ಡ ಬಾಟಲಿ ನೀರು ಮಧ್ಯಾಹ್ನಕ್ಕೇ ಖಾಲಿಯಾಗುತ್ತದೆ. ಬಚ್ಚಲಿಗೆ ಇರುವೆ ಬರುತ್ತವೆ, ಬೀರಮ್ಮ ನೋಡುವ ಮುಂಚೆ ನೀರು ಹಾಕಿಬಿಡುತ್ತಾರೆ. ಪಾದದಡಿ ಯಾವಾಗಲೂ ಮರಳು ತುಳಿದ ಹಾಗೆ. ಹಿಮ್ಮಡಿಯ ಗಾಯ ದಸರಾದಲ್ಲಿ ಆಗಿದ್ದು, ಸಂಕ್ರಾಂತಿಗೂ ಮಾಯಲಿಲ್ಲ. ದಿನಾ ಸಂಜೆ ಎಲ್ಲರೂ ಹೋದಮೇಲೆ ಬೆರಳು ಚುಚ್ಚಿ ನೋಡುವ ಸಣ್ಣ ಯಂತ್ರ ಕೈಗೆತ್ತಿಕೊಳ್ಳುವರು, ಮತ್ತೆ ಡ್ರಾಯರಿನಲ್ಲಿಡುವರು. ಅಪ್ಪನ ಕಾಲು ತೆಗೆದಮೇಲೆ ಆಸ್ಪತ್ರೆಯವರು ಒಂದೇ ಚಪ್ಪಲಿಯನ್ನು ಕೈಗೆ ಕೊಟ್ಟಿದ್ದನ್ನೂ ಹೇಳಿದರು. ಆ ಚಪ್ಪಲಿ ಯಾವ ಅಂಗಡಿಯದು, ಯಾವ ಹಬ್ಬಕ್ಕೆ ತಂದಿದ್ದು, ಅದನ್ನೂ ಬಿಡಲಿಲ್ಲ. ಬೀರಮ್ಮ ಕಂಬ ಬಿಟ್ಟು ಅಲುಗಲಿಲ್ಲ, "ಗೊತ್ತು ಬುಡಿ" ಅನ್ನಲಿಲ್ಲ.

ಮಾತು ಮುಗಿಯಿತು. ಜವರಯ್ಯ ಗೇಟಿನಿಂದ ತಿರುಗಿ ಬಂದು ಚೀಲ ಕೆಳಗಿಟ್ಟು, ನಿಂಬೆಹಣ್ಣನ್ನು ಕಾಲಿಂದ ಸ್ವಲ್ಪ ಸರಿಸಿ, ಕುರ್ಚಿಯಲ್ಲಿ ಕೂತು ತೋಳು ಚಾಚಿದ.

"ಟೈಮೆಷ್ಟು ಗುರುಸಿದ್ದಣ್ಣ?"

"ಎಂಟು ನಲವತ್ತು," ಅಂದರು ಗುರುಸಿದ್ದಯ್ಯನವರು, ಅಷ್ಟೇ ಅಂದರು. ಅವನ ತೋಳಿಗೆ ಪಟ್ಟಿ ಬಿಗಿದು, ಜೀವಮಾನದಲ್ಲಿ ಮೊದಲ ಸಲ ರಾಹುಕಾಲದಲ್ಲಿ ಸೂಜಿ ಎತ್ತಿದರು. ಅವನ ಹಿಂದೆ ಸಾಲು ನಿಂತಿತು.

ಒಂದೂವರೆ ಗಂಟೆ ಕಾದು ನಿಂತ ಕೊಳವೆಗಳನ್ನು ಅಳೆದಾಗ ಎಲ್ಲರ ಲೆಕ್ಕವೂ ಇಳಿದಿತ್ತು. ಗುರುಸಿದ್ದಯ್ಯನವರದು ಹತ್ತು ಅಂಕ ಕಡಿಮೆ. ರಾಹು ನಿರಪರಾಧಿ ಅಂತ ಲೇಖನ ಮುಂದೆ ಒಪ್ಪಿಗೆಯಾಗಿ ಅಚ್ಚಾಯಿತು, ರಾಹುಕಾಲ ಅನ್ನುವ ಮಾತೂ ಅದರ ಅರ್ಥವೂ ಎರಡೂ ಅದರಲ್ಲಿವೆ. ನಿಯಮದಂತೆ ರಕ್ತ ಕೊಟ್ಟವರ ಹೆಸರಿಲ್ಲ. ಮೊದಲನೆಯವರು, ಗಂಡಸು, ಐವತ್ತೆಂಟು ವರ್ಷ ಅಂತ ಮಾತ್ರ ಇದೆ.

ಅವತ್ತು ಮಧ್ಯಾಹ್ನ ಇಬ್ಬರೂ ಆಟೋ ಹತ್ತಿದರು. ಬೀರಮ್ಮ ಕೈಯಲ್ಲಿ ನಿಂಬೆಹಣ್ಣು ಹಿಡಿದುಕೊಂಡೇ ಇದ್ದರು.

"ಊರೋರ ಸುದ್ದಿಯೆಲ್ಲ ಹೇಳ್ತೀರಿ," ಅಂದರು ಕೊನೆಗೆ. "ಇದೊಂದನ್ನ ನಂಗ್ಯಾಕೆ ಹೇಳ್ಲಿಲ್ಲ?"

"ಏನಾಯ್ತು ಅಂದ್ರೆ..." ಅಂತ ಶುರುಮಾಡಿ ಗುರುಸಿದ್ದಯ್ಯನವರು ಅಲ್ಲಿಗೇ ನಿಲ್ಲಿಸಿದರು. ಅಲ್ಲಿಗೆ ನಿಂತು ನಿಂತು ಮೂವತ್ತು ವರ್ಷದ ಅಭ್ಯಾಸ.

ಬೀರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

"ಹೇಳಿ," ಅಂದರು. "ಪೂರ್ತಿ ಹೇಳಿ. ಕೆಸರೆ ಇನ್ನೂ ದೂರ ಐತೆ."